ಆಡನಾವ್ ಇಲ್ಲದವನ ಮನೆ ಹುಡುಕಾಟ

ಬೆಂಗಳೂರಿನಲ್ಲಿ ಹೆಬ್ಬಾಳದಿಂದ ದೇವನಹಳ್ಳಿ ಕಡೆಗೆ ಹೋಗುವ ಹೆದ್ದಾರಿ ಇದೆಯಲ್ಲ, ಅದನ್ನೇ ಬಿಡದೆ ಹಿಡಿದು ಹೊರಟರೆ ಹೈದರಾಬಾದ್ ದಾಟಿ, ನಾಗಪುರ ದಾಟಿ, ಕಾಮಠಿಯ ಕಂಟೋನ್ಮೆಂಟ್ ದಾಟಿದ ಮೇಲೆ ಒಂದು ಹೊಳೆ ಸಿಗುತ್ತದೆ. ಹೊಳೆಯ ಹೆಸರು ಕನ್ಹಾನ್. ಸೇತುವೆಯಾಚೆಗಿನ ಊರಿನ ಹೆಸರೂ ಕನ್ಹಾನ್. ನಾಗಪುರದಿಂದ ಸುಮಾರು 20 ಕಿಲೋಮೀಟರ್. ಸುತ್ತ ಕಲ್ಲಿದ್ದಲು ಗಣಿಗಳು, ಊರ ತುಂಬ ಲಾರಿಗಳು. ಇಲ್ಲಿ ನಾನು ಮನೆ ಮಾಡಿದ್ದು ಊರು ಇಷ್ಟವಾಗಿ ಅಲ್ಲ, ಬಾಡಿಗೆ ಕೈಗೆಟುಕಿತೆಂದು.

ಅಲ್ಲಿಯವರೆಗೆ ನಾಗಪುರದಲ್ಲಿ ನಾಲ್ವರ ಜೊತೆ ಒಂದು ಕೋಣೆಯಲ್ಲಿದ್ದೆ. ಅಪ್ಪ ತೀರಿಕೊಂಡ ಮೇಲೆ ತಿಪಟೂರಿನಲ್ಲಿ ಅಮ್ಮ ಒಬ್ಬರೇ ಆದರು. ಅವರಿಗೆ ಮಂಡಿನೋವು, ಮೆಟ್ಟಿಲು ಹತ್ತಲಾಗದು. ಒಂದು ಬೆಡ್‌ರೂಮಿನ ಮನೆ ಸಿಕ್ಕರೆ ರೂಮು ಅವರಿಗೆ, ಹಾಲು ನನಗೆ. ಕನ್ವೇಯರ್ ಬೆಲ್ಟ್ ರಿಪೇರಿ ಮಾಡುವವನ ಸಂಬಳದಲ್ಲಿ ಆರು ಸಾವಿರಕ್ಕಿಂತ ಹೆಚ್ಚು ಬಾಡಿಗೆ ಕೊಡುವ ಹಾಗಿರಲಿಲ್ಲ.

ಧರಮ್‌ಪೇಠ್ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಮನೀಷ್ ನಗರ, ಬೇಸಾ ಕಡೆ ಕೇಳಿದ್ದೆಲ್ಲ ಹತ್ತು ಸಾವಿರದ ಮೇಲೆ. ಹಾಗಾಗಿ ಉತ್ತರಕ್ಕೆ, ಕಾಮಠಿ ರಸ್ತೆಗೆ ತಿರುಗಿದೆ. ಮೆಟ್ರೋ ಈಗ ಆಟೊಮೋಟಿವ್ ಚೌಕದವರೆಗೆ ಬರುತ್ತದೆ. ಅಲ್ಲಿಂದ ಕನ್ಹಾನ್ ನದಿಯವರೆಗಿನ ಎರಡನೇ ಹಂತಕ್ಕೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2022ರ ಡಿಸೆಂಬರಿನಲ್ಲಿ. ರೈಲು ಬರುವ ಮೊದಲೇ ಅದರ ದುಡ್ಡು ಬಾಡಿಗೆಗೆ ಸೇರಿಬಿಟ್ಟಿತ್ತು. 'ಮೆಟ್ರೋ ಬರ್ತದೆ' ಎಂದು ಒಬ್ಬರು ನನ್ನ ಕಣ್ಣೆದುರೇ ಸಾವಿರ ಏರಿಸಿದರು.

ಆದರೆ ನನ್ನನ್ನು ನಿಜವಾಗಿ ಸುಸ್ತು ಮಾಡಿದ್ದು ದುಡ್ಡಲ್ಲ, ಒಂದು ಪ್ರಶ್ನೆ. 'ಕಿರಾಯಾನೇ ದೇಣೆ ಆಹೆ' ಎಂಬ ಬೋರ್ಡ್ ಕಂಡಲ್ಲೆಲ್ಲ ಬಾಗಿಲು ತಟ್ಟುತ್ತಿದ್ದೆ. ನೀರು ಕೊಡುವ ಮೊದಲೇ ಕೇಳುತ್ತಿದ್ದರು: 'ಆಡನಾವ್?' ಅಂದರೆ ಅಡ್ಡಹೆಸರು. ನಮ್ಮ ಕಡೆ ಎಲ್ಲಿದೆ ಅಡ್ಡಹೆಸರು? ಒಂದು ಇನಿಷಿಯಲ್ ಊರಿನದು, ಇನ್ನೊಂದು ಅಪ್ಪನದು ಅಂದೆ. 'ಅದು ಸರಿ, ಆಡನಾವ್ ಹೇಳಿ' ಅಂದರು. ಆಧಾರ್ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟರು. ಮನೆ ಮಾತ್ರ ಮರುದಿನ 'ಬೇರೆಯವರಿಗೆ ಹೋಗಿತ್ತು'.

ಮೊದಮೊದಲು ಆಫೀಸಿನಲ್ಲಿ ಇದನ್ನು ತಮಾಷೆಯಾಗಿ ಹೇಳುತ್ತಿದ್ದೆ. ಪಕ್ಕದ ಬೆಂಚಿನ ಗೆಳೆಯ ನಗಲಿಲ್ಲ. ಅವನು ಇದೇ ಊರಿನವನು. ಮನೆಯ ಗೋಡೆ ಮೇಲೆ ದೀಕ್ಷಾಭೂಮಿಯ ಚಿತ್ರ ಇಟ್ಟುಕೊಂಡವನು. 'ನಿನಗೆ ಆಡನಾವ್ ಇಲ್ಲ ಅಂತ ಮನೆ ಇಲ್ಲ. ನನಗೆ ಇದೆ, ಅದಕ್ಕೇ ಇಲ್ಲ' ಅಂದ. ಆಮೇಲೆ ಅವನೇ ದಾರಿ ಹೇಳಿಕೊಟ್ಟ: 'ಊರ ಹೆಸರಿಗೆ ಕರ್ ಹಚ್ಚು, ತಿಪಟೂರಕರ್ ಅನ್ನು. ಏನು ಬೇಕೋ ಅಂದುಕೊಳ್ಳಲಿ.'

ಒಂದು ಸಲ ಹಾಗೇ ಅಂದೆ. ಆ ಮನೆಯಾಕೆಯ ಮುಖ ಅರಳಿತು, ಚಹಾ ಬಂತು, 'ನಮ್ಮವರ ಹಾಗೇ ಕಾಣ್ತೀರಿ' ಅಂದರು. ಆ 'ನಮ್ಮವರು' ಯಾರೆಂದು ನಾನು ಕೇಳಲಿಲ್ಲ. ಬಾಡಿಗೆ ಹೊಂದುತ್ತಿತ್ತು, ಮೆಟ್ಟಿಲೂ ಇರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಹೊರಟವನು ಮತ್ತೆ ಫೋನ್ ಮಾಡಲಿಲ್ಲ. ದೊಡ್ಡ ಆದರ್ಶವೇನಲ್ಲ, ಗೆಳೆಯ ಊಟಕ್ಕೆ ಬಂದ ದಿನ ಆಕೆ ಅವನ ಹೆಸರು ಕೇಳಿದರೆ ಏನು ಮಾಡುವುದು ಎನ್ನುವ ಭಯ ಅಷ್ಟೇ.

ಕೊನೆಗೆ ಕನ್ಹಾನ್ ಸ್ಟೇಷನ್ನಿನ ಹಿಂದೆ, ಗಣಿಯಿಂದ ನಿವೃತ್ತರಾದ ಹಿರಿಯರೊಬ್ಬರ ಮನೆ ಸಿಕ್ಕಿತು. ರಾಮ್‌ಟೆಕ್ ಲೈನು ಕವಲೊಡೆಯುವುದು ಇದೇ ಸ್ಟೇಷನ್ನಿನಲ್ಲಿ. ಅವರು ಕೇಳಿದ್ದು ಎರಡೇ: 'ಕೂಲರ್ ಇದೆಯಾ? ತಾಯಿ ಎಲ್ಲಿ ಮಲಗುತ್ತಾರೆ?' ಮಹಡಿ ಮನೆ 4,500, ಕೆಳಗಿನದು 5,500. ಮಹಡಿಯದು ಯಾಕೆ ಅಗ್ಗ ಎಂದರೆ ತಾರಸಿಗೆ ಬೆರಳು ತೋರಿಸಿದರು. ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ಊರಿನಲ್ಲಿ ತಾರಸಿಯ ಕೆಳಗೆ ಮಲಗುವುದೆಂದರೆ ಹೆಂಚಿನ ಕೆಳಗಿನ ರೊಟ್ಟಿ. ಇಲ್ಲಿ ಮನೆ ಹುಡುಕುವವರು ಫೆಬ್ರವರಿಯ ತಂಪಿನಲ್ಲಿ ಮೋಸ ಹೋಗಬೇಡಿ. ಕೂಲರ್ ಇಡಲು ಕಿಟಕಿ ಇದೆಯೇ, ಅದಕ್ಕೆ ನೀರು ಸಾಲುತ್ತದೆಯೇ ನೋಡಿ.

ಇನ್ನೊಂದು ಮಾತು. ಕರಾರು ಇಲ್ಲೂ 11 ತಿಂಗಳದ್ದೇ. ಆದರೆ 11 ತಿಂಗಳೆಂದು ನೋಂದಣಿ ತಪ್ಪಿಸುವ ಹಾಗಿಲ್ಲ. ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಯ ಪ್ರಕಾರ ಕರಾರು ಬರಹದಲ್ಲಿದ್ದು ನೋಂದಣಿ ಆಗಲೇಬೇಕು, ಅದರ ಹೊಣೆ ಮಾಲೀಕರದ್ದು. ಮುಂಗಡ ಎರಡೇ ತಿಂಗಳದ್ದು ಎಂದಾಗ, ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡಿದ್ದ ನನಗೆ ಕಿವಿ ನಂಬಲಾಗಲಿಲ್ಲ.

ಕಷ್ಟ ಇಲ್ಲವೆಂದಲ್ಲ. ಈ ಹೊಳೆಯ ನೀರು ನಾಗಪುರದ ಎಷ್ಟೋ ಬಡಾವಣೆಗಳಿಗೆ ಹೋಗುತ್ತದೆ. ಹೊಳೆ ಪಕ್ಕದ ನಮ್ಮ ನಲ್ಲಿಯಲ್ಲಿ ಬೆಳಗ್ಗೆ ಮುಕ್ಕಾಲು ಗಂಟೆ ಮಾತ್ರ. ಅಮ್ಮ ಮೊದಲ ದಿನ ಕಿಟಕಿ ಒರೆಸಿದ ಬಟ್ಟೆ ಹಿಡಿದು 'ಇದೇನೋ ಇದು, ಕಾಡಿಗೆ ಇದ್ದಂಗೈತೆ' ಅಂದರು. ಕಲ್ಲಿದ್ದಲ ಪುಡಿ. ಈಗ ದಿನಕ್ಕೆ ಎರಡು ಸಲ ಒರೆಸುತ್ತಾರೆ, ಬಟ್ಟೆ ಒಳಗೇ ಒಣಹಾಕುತ್ತಾರೆ. ತಿಪಟೂರಿನಿಂದ ತಂದ ರಾಗಿಹಿಟ್ಟು ಎರಡು ತಿಂಗಳಿಗೆ ಬರುತ್ತದೆ ಎಂಬ ಲೆಕ್ಕ ಅವರದು.

ಕಳೆದ ಭಾನುವಾರ ಗೆಳೆಯ ಬಂದಿದ್ದ. ಅಮ್ಮನಿಗೆ ಮರಾಠಿ ಬಾರದು, ಅವನಿಗೆ ಕನ್ನಡ ಬಾರದು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಅಮ್ಮ ಕೈಸನ್ನೆಯಲ್ಲೇ ಕಲಿಸಿದರು. ಅವನು ಅಗಿದ. ಮಾಲೀಕರು ಬಾಗಿಲಲ್ಲಿ ನಿಂತು ನೋಡಿ, ತನಗೂ ಒಂದು ಹಾಕಿ ಅಂದರು.