ಹಳಿಯ ಬದಿಯಲ್ಲೊಂದು ಶರತ್ಕಾಲದ ದಿನ

ಶರದೃತುವನ್ನು ನಮ್ಮ ಪೂರ್ವಕವಿಗಳು ಬಗೆಬಗೆಯಾಗಿ ಬಣ್ಣಿಸಿದ್ದಾರೆ. ತಿಳಿಯಾದ ಆಕಾಶ, ಕೆಸರಡಗಿದ ಹೊಳೆ, ಮರಳಿ ಬರುವ ಹಂಸಗಳು ಇವೆಲ್ಲ ಆ ವರ್ಣನೆಗಳ ಸಾಮಗ್ರಿ. ಆದರೆ ಆ ಋತುವಿನಲ್ಲಿ ರೈಲುಹಳಿಯ ಬದಿಯಲ್ಲಿ ನಿಂತು ಗಾಡಿಯ ಬರವನ್ನು ಕಾಯುವ ಸುಖ ಅವರ ಕಾಲಕ್ಕೆ ಇರಲಿಲ್ಲ. ಅದು ನನಗೆ ಲಭಿಸಿದ್ದು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರ ದೆಸೆಯಿಂದ.

ಅವರು ಬ್ಯಾಂಕಿನಲ್ಲಿ ಉದ್ಯೋಗಸ್ಥರು. ಬಿಡುವು ದೊರೆತಾಗಲೆಲ್ಲ ಹಳ್ಳಿಗಾಡಿನ ರೈಲುದಾರಿಗಳ ಛಾಯಾಚಿತ್ರ ತೆಗೆಯುವುದು ಅವರ ಹವ್ಯಾಸ. ಕಳೆದ ದಸರೆಯ ರಜೆಯಲ್ಲಿ ಮನೆಗೆ ಬಂದು, “ಗುರುಗಳೇ, ನಾಳೆ ತಾಳಗುಪ್ಪದ ದಾರಿಗೆ ಹೊರಟಿದ್ದೇನೆ, ತಾವೂ ಬರಬೇಕು” ಎಂದರು. “ನನಗೆ ಕ್ಯಾಮೆರಾ ಹಿಡಿಯಲು ಬಾರದಲ್ಲಪ್ಪ” ಎಂದೆ. “ನೋಡುವುದಕ್ಕೆ ಬರುತ್ತದಲ್ಲ ಗುರುಗಳೇ, ಅಷ್ಟು ಸಾಕು” ಎಂದರು.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಕುಂಸಿ, ಅರಸಾಳು, ಆನಂದಪುರ, ಸಾಗರಗಳ ಮೇಲೆ ಹಾದು ಆ ಹಳಿ ತಾಳಗುಪ್ಪವನ್ನು ಮುಟ್ಟಿದ್ದು 1940ರಲ್ಲಿ. ಜೋಗಕ್ಕೆ ಹತ್ತಿರದ ನಿಲ್ದಾಣ ಇಂದಿಗೂ ಅದೇ. ಆಗ ಹಾಕಿದ್ದು ಮೀಟರ್ ಗೇಜ್, ಅಂದರೆ ಎರಡು ಕಂಬಿಗಳ ನಡುವೆ ಒಂದು ಮೀಟರಿನ ಅಂತರ. ಕೊನೆಯ ವರ್ಷಗಳಲ್ಲಿ ಅದರ ಮೇಲೆ ಬಸ್ಸಿನಂಥ ಪುಟ್ಟ ರೈಲುಬಸ್ಸೂ ಓಡಿತು. ಅನಂತರ ಆ ಹಳಿಯನ್ನು ಕಿತ್ತು 1676 ಮಿಲಿಮೀಟರ್ ಅಗಲದ ಬ್ರಾಡ್ ಗೇಜ್ ಹಾಕಿದರು. 2011ರಲ್ಲಿ ಅದು ತಾಳಗುಪ್ಪವನ್ನು ತಲುಪಿತು.

ಆ ದಿನ ನಾವು ಮೊದಲು ನಿಂತದ್ದು ಅರಸಾಳಿನ ಸಮೀಪದ ಒಂದು ಗೇಟಿನ ಹೊರಗೆ. ಗದ್ದೆಗಳಲ್ಲಿ ಭತ್ತ ತೆನೆಗಟ್ಟುತ್ತಿತ್ತು. ಕಾಡಿನ ಅಂಚಿನಲ್ಲಿ ಹಕ್ಕಿಗಳ ದನಿಯಲ್ಲದೆ ಬೇರೆ ಸದ್ದಿಲ್ಲ. ಈ ಹಾದಿಯಲ್ಲಿ ಓಡುವ ಗಾಡಿಗಳು ದಿನಕ್ಕೆ ಬೆರಳೆಣಿಕೆಯಷ್ಟು. ಆದುದರಿಂದ ಕಾಯುವುದೇ ಇಲ್ಲಿಯ ಮುಖ್ಯ ಕಾರ್ಯ. ಶಿಷ್ಯರು ಬಿಸಿಲಿನ ಗತಿಯನ್ನು ವಿವರಿಸಿದರು. ದಾರಿ ಪಶ್ಚಿಮಾಭಿಮುಖವಾದುದರಿಂದ ಬೆಳಗಿನಲ್ಲಿ ಶಿವಮೊಗ್ಗದ ಕಡೆಗೆ ಬರುವ ಗಾಡಿಯ ಮುಖಕ್ಕೆ ಬೆಳಕು ಬೀಳುತ್ತದೆ, ಸಂಜೆ ತಾಳಗುಪ್ಪಕ್ಕೆ ಹೋಗುವ ಗಾಡಿಗೆ. ಒಳ್ಳೆಯ ಚಿತ್ರದ ಆಸೆಗೆಂದು ಅವರು ಹಳಿಯ ಮೇಲೆ ಕಾಲಿಡುವವರಲ್ಲ. ಅದು ಅಪಾಯ, ಕಾನೂನಿಗೂ ವಿರುದ್ಧ. ಗಾಡಿ ಬಂದಿತು, ಕ್ಷಣದಲ್ಲಿ ಹೋಯಿತು, ಮತ್ತೆ ಮೌನ ಆವರಿಸಿತು.

ಆಮೇಲೆ ಅವರು ಮಾಡಿದ ಕೆಲಸ ನನ್ನನ್ನು ಹೆಚ್ಚು ಸೆಳೆಯಿತು. ಜೇಬಿನಿಂದ ಕಿರುಪುಸ್ತಕವೊಂದನ್ನು ತೆಗೆದು ತಾರೀಖು, ವೇಳೆ, ಸ್ಥಳ, ಎಂಜಿನ್ನಿನ ಸಂಖ್ಯೆ, ಗಾಡಿ ಹೋದ ದಿಕ್ಕು ಇಷ್ಟನ್ನೂ ಬರೆದುಕೊಂಡರು. ನಮ್ಮ ಲಿಪಿಕಾರರು ತಾಳೆಗರಿಯ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿಗಳನ್ನೂ ತಮ್ಮ ಹೆಸರನ್ನೂ ಬರೆದು ಮುಗಿಸುತ್ತಿದ್ದ ಪದ್ಧತಿ ನನಗೆ ನೆನಪಾಯಿತು. ಆ ಎರಡು ಸಾಲಿಲ್ಲದ ಪ್ರತಿಯ ಕಾಲವನ್ನು ನಿರ್ಣಯಿಸಲು ಸಂಶೋಧಕರು ಪಡುವ ಪಾಡು ಬಲ್ಲವರೇ ಬಲ್ಲರು.

ಅರಸಾಳಿನ ಹಳೆಯ ನಿಲ್ದಾಣದ ಕಥೆ ವಿಚಿತ್ರವಾದುದು. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಶಂಕರ್‌ನಾಗ್ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ನಿರ್ದೇಶಿಸಿದಾಗ ಈ ಕಟ್ಟಡವೇ ಮಾಲ್ಗುಡಿಯ ನಿಲ್ದಾಣವಾಯಿತು. ಮುಂದೆ ಅದನ್ನು ದುರಸ್ತಿಗೊಳಿಸಿ 2020ರಲ್ಲಿ ‘ಮಾಲ್ಗುಡಿ’ ಹೆಸರಿನ ವಸ್ತುಸಂಗ್ರಹಾಲಯವನ್ನಾಗಿ ತೆರೆದರು. ಎಲ್ಲಿಯೂ ಇಲ್ಲದ ಊರಿನ ಹೆಸರು, ಇರುವ ಊರಿನ ಕಟ್ಟಡವನ್ನು ಉಳಿಸಿತು! ಸಾಹಿತ್ಯದಿಂದೇನು ಪ್ರಯೋಜನವೆಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಈಗ ಈ ಉದಾಹರಣೆಯನ್ನು ಕೊಡುತ್ತೇನೆ.

ಆದರೆ ಈ ಭಾಗ್ಯ ಎಲ್ಲಕ್ಕೂ ಒದಗುವುದಿಲ್ಲ. ಬಾಲ್ಯದಲ್ಲಿ ತಂದೆಯವರ ಕೈಹಿಡಿದು ಆನಂದಪುರದಿಂದ ಸಾಗರಕ್ಕೆ ಇದೇ ಹಾದಿಯ ಉಗಿಬಂಡಿಯಲ್ಲಿ ಹೋಗುತ್ತಿದ್ದೆ. ಕಿಟಕಿಯಲ್ಲಿ ತಲೆಯಿಟ್ಟರೆ ಕಣ್ಣಿಗೆ ಕಲ್ಲಿದ್ದಲ ಕಿಡಿ ಬೀಳುವುದೆಂದು ಅವರು ತಮ್ಮ ಉತ್ತರೀಯವನ್ನು ಅಡ್ಡ ಹಿಡಿಯುತ್ತಿದ್ದರು. ತಂದೆಯವರು ಈಗಿಲ್ಲ; ಆ ಬಂಡಿಯೂ ಇಲ್ಲ. ಅದರ ಚಿತ್ರಕ್ಕಾಗಿ ಬಂಧುಗಳ ಮನೆಗಳಲ್ಲೆಲ್ಲ ವಿಚಾರಿಸಿದ್ದೇನೆ. ಮದುವೆಯ ಚಿತ್ರಗಳಿವೆ, ಗೃಹಪ್ರವೇಶದ ಚಿತ್ರಗಳಿವೆ. ರೈಲಿನದು ಒಂದೂ ಇಲ್ಲ. ಉಗಿಬಂಡಿಗಳ ಕೊನೆಯ ದಶಕಗಳಲ್ಲಿ ವಿದೇಶಗಳ ಹವ್ಯಾಸಿಗಳು ಭಾರತಕ್ಕೆ ಬಂದು ಅವುಗಳ ಚಿತ್ರಗಳನ್ನು ತೆಗೆದುಕೊಂಡು ಹೋದರು. ದಿನವೂ ಅದರಲ್ಲಿ ಕುಳಿತು ಸಂತೆಗೆ ಹೋದ ನಮಗೆ ಅದು ಚಿತ್ರಯೋಗ್ಯವೆಂದು ತೋರಲಿಲ್ಲ. ನಿತ್ಯವೂ ಕಾಣುವುದು ನಿತ್ಯವೂ ಇರುವುದೆಂಬ ನಂಬಿಕೆ ಮನುಷ್ಯಸಹಜ.

ಈ ಮಾತನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಶಾಲೆಯ ಕಚೇರಿಯ ಗೋಡೆಯಲ್ಲಿ ಹಳೆಯ ವಿದ್ಯಾರ್ಥಿನಿಲಯದ ಸಮೂಹಚಿತ್ರವೊಂದಿದೆ. ಸಾಲಾಗಿ ಕುಳಿತ ಬಾಲಕರಲ್ಲಿ ಯಾರು ಯಾರೆಂಬುದನ್ನು ತಿಳಿಸುವ ಬರಹ ಅದರಲ್ಲಿಲ್ಲ. ನಿವೃತ್ತ ಗುಮಾಸ್ತರೊಬ್ಬರು ಮಾತ್ರ ಕೆಲವರನ್ನು ಗುರುತಿಸಬಲ್ಲರು, ಅವರಿಗೂ ವಯಸ್ಸಾಗಿದೆ. ಆದಕಾರಣ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ತಮ್ಮ ಮನೆಯಲ್ಲಿ ಶಾಲೆಯ ಚಿತ್ರಗಳಿದ್ದರೆ ಅವುಗಳ ಬೆನ್ನಿಗೆ ವರ್ಷವನ್ನೂ ಹೆಸರುಗಳನ್ನೂ ಈಗಲೇ ಬರೆದಿಡಿರಿ. ಒಂದು ಪ್ರತಿಯನ್ನು ನಮಗೆ ಕಳುಹಿಸಿಕೊಡಿರಿ. ಬಲ್ಲವರು ಇರುವಾಗಲೇ ಅದು ಆಗಬೇಕಾದ ಕೆಲಸ.