ಕಮಾನು ನಡುಗಿದ್ದು ಏಕೆ?

ವೀಣೆಗೆ ಇಪ್ಪತ್ತನಾಲ್ಕು ಮೆಟ್ಟಿಲು. ಬೆರಳಿಟ್ಟ ಕಡೆ ಸ್ವರ ಸಿದ್ಧವಾಗಿಯೇ ಇರುತ್ತದೆ. ಪಿಟೀಲಿನಲ್ಲಿ ಅಂಥ ಗುರುತು ಒಂದೂ ಇಲ್ಲ, ಬರಿಯ ಕಪ್ಪು ಹಲಗೆ. ಮಕ್ಕಳ ಅಳತೆಯ ಅರ್ಧ ಸೈಜಿನ ಪಿಟೀಲಿನಲ್ಲಂತೂ ಬೆರಳು ಒಂದೆರಡು ಮಿಲಿಮೀಟರ್ ಸರಿದರೆ ಸಾಕು, ರಿಷಭ ಹಳಿ ತಪ್ಪುತ್ತದೆ. ಹಾಗಾಗಿ ಪಿಟೀಲು ಕಲಿಸುವವರ ಕಿವಿ ದಿನವಿಡೀ ಅಪಸ್ವರಕ್ಕಾಗಿ ಹೊಂಚು ಹಾಕುತ್ತಿರುತ್ತದೆ. ಮೈಸೂರಿನ ನನ್ನ ಮನೆಯ ಹಜಾರದಲ್ಲಿ ಶ್ರುತಿಪೆಟ್ಟಿಗೆ ಹಾಕಿಕೊಂಡು ಮಕ್ಕಳ ಎದುರು ಕೂತು, ತಪ್ಪು ಹಿಡಿಯುವುದೇ ಪಾಠ ಎಂದು ನಾನು ಬಹಳ ಕಾಲ ನಂಬಿದ್ದೆ. ನನ್ನ ಕಿವಿ ಚುರುಕು ಎಂಬ ಹೆಮ್ಮೆಯೂ ಇತ್ತು. ಆ ಹೆಮ್ಮೆಗೆ ಒಬ್ಬ ಹುಡುಗ ಬೆಲೆ ತೆತ್ತ.

ಅವನು ಬಂದಾಗ ನಾಲ್ಕನೇ ತರಗತಿ. ತಾಯಿ ತಂದೆ ಇಬ್ಬರೂ ಕೆಲಸಕ್ಕೆ ಹೋಗುವವರು, ಕರೆದುಕೊಂಡು ಬರುತ್ತಿದ್ದದ್ದು ಅಜ್ಜಿ. ಹಾಡಿಸಿದರೆ ಶ್ರುತಿಗೆ ಅಂಟಿಕೊಂಡು ಹಾಡುತ್ತಿದ್ದ. ಅಂಥ ಕಿವಿ ಎಲ್ಲ ಮಕ್ಕಳಿಗೂ ಇರುವುದಿಲ್ಲ. ಅದನ್ನು ಕಂಡ ದಿನವೇ ನನ್ನೊಳಗೆ ಆಸೆ ಹುಟ್ಟಿತು. ಇವನನ್ನು ಬೇಗ ಜೂನಿಯರ್ ಪರೀಕ್ಷೆಗೆ ಕೂರಿಸಬೇಕು, ವೇದಿಕೆ ಹತ್ತಿಸಬೇಕು. ಇದೆಲ್ಲ ನನ್ನ ಆಸೆ. ಅವನಿಗೇನು ಬೇಕು ಎಂದು ಕೇಳಿದ ನೆನಪು ನನಗಿಲ್ಲ.

ನಮ್ಮಲ್ಲಿ ಪಾಠ ಆರಂಭವಾಗುವುದು ಮಾಯಾಮಾಳವಗೌಳದಲ್ಲಿ. ಆ ಪದ್ಧತಿಯನ್ನು ಪುರಂದರದಾಸರ ಹೆಸರಿನಲ್ಲಿ ನೆನೆಯುತ್ತೇವೆ. ಕಂಠಕ್ಕೆ ಅದು ಸೊಗಸಾದ ಆಯ್ಕೆ. ಪಿಟೀಲಿನ ಮೇಲೂ ಅದಕ್ಕೊಂದು ಚಂದವಿದೆ: ಷಡ್ಜದ ತಂತಿಯ ಮೇಲೆ ಸ ರಿ ಗ ಮ ನುಡಿಸಿದ ಬೆರಳುಗಳು ಅದೇ ಜಾಗದಲ್ಲೇ ಪಕ್ಕದ ತಂತಿಯ ಮೇಲೆ ಪ ದ ನಿ ಸ ನುಡಿಸುತ್ತವೆ. ಆದರೆ ಶುದ್ಧ ರಿಷಭಕ್ಕೂ ಅಂತರ ಗಾಂಧಾರಕ್ಕೂ ನಡುವೆ ಅಗಲವಾದ ಅಂತರ. ತೋರುಬೆರಳನ್ನು ಬಿರಡೆಯ ಕಡೆಗೆ ಹಿಂದೆಳೆದು, ನಡುಬೆರಳನ್ನು ಮುಂದಕ್ಕೆ ಚಾಚಬೇಕು. ಪುಟ್ಟ ಕೈಗೆ ಇದು ಸುಲಭದ ಕೆಲಸವಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಪಿಟೀಲಿನ ತಲೆಯನ್ನು ಬಲಗಾಲಿನ ಮೇಲೆ ಊರಿ, ಇನ್ನೊಂದು ತುದಿಯನ್ನು ಎದೆಗೆ ಒತ್ತಿಕೊಂಡು, ಒಂದು ಕೈಯಲ್ಲಿ ಈ ಚಾಚುವಿಕೆ, ಇನ್ನೊಂದರಲ್ಲಿ ಕಮಾನು, ಮೇಲೆ ತಾಳ. ಇಷ್ಟನ್ನು ಒಟ್ಟಿಗೆ ಮಾಡುತ್ತಿರುವ ಮಗುವಿಗೆ ನಾನು ಹೇಳುತ್ತಿದ್ದದ್ದು ಒಂದೇ ಮಾತು: ‘ಮತ್ತೆ.’

ಸರಿಯಾಗಿ ನುಡಿಸಿದಾಗ ಸುಮ್ಮನಿರುತ್ತಿದ್ದೆ. ಸರಿಯಾದದ್ದಕ್ಕೆ ಮಾತೇಕೆ ಎಂಬುದು ನನ್ನ ಎಣಿಕೆ. ತಪ್ಪಿದಾಗ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದೆ. ಜಂಟಿ ವರಸೆ ಸಡಿಲಾದರೆ, ಅವನಿಗಿಂತ ಚಿಕ್ಕವಳಾದ ಹುಡುಗಿಯನ್ನು ಕರೆದು ‘ನೀನು ನುಡಿಸಿ ತೋರಿಸು’ ಎನ್ನುತ್ತಿದ್ದೆ. ಛಲ ಬರಲಿ ಎಂದು. ಅವಳಿಗೂ ಅದು ಹಿಂಸೆಯಾಗಿತ್ತು ಎಂದು ಈಗ ಅನ್ನಿಸುತ್ತದೆ. ಅವಳು ನುಡಿಸುವಾಗ ಅವನ ಮುಖವನ್ನು ನೋಡುತ್ತಲೇ ಇರಲಿಲ್ಲ.

ಸುಳಿವುಗಳು ಇದ್ದವು. ಪಾಠ ಶುರುವಾಗುವ ಹೊತ್ತಿಗೆ ಅವನಿಗೆ ನೀರು ಬೇಕು, ಆಮೇಲೆ ಬಚ್ಚಲಿಗೆ ಹೋಗಬೇಕು. ಕಮಾನಿಗೆ ರೋಸಿನ್ ಹಚ್ಚುತ್ತಾ ಹಚ್ಚುತ್ತಾ ಹೊತ್ತು ಕಳೆಯುತ್ತಿದ್ದ. ಕೈ ಹಿಡಿದು ಬೆರಳು ತಿದ್ದುವಾಗ ಬೆರಳುಗಳು ತಣ್ಣಗಿರುತ್ತಿದ್ದವು. ಇದನ್ನೆಲ್ಲ ಸೋಮಾರಿತನ ಎಂದುಕೊಂಡೆ. ಆದರೆ ಅದೇ ಬೆರಳುಗಳ ತುದಿಯಲ್ಲಿ ತಂತಿ ಒತ್ತಿದ ಗೆರೆಗಳು ಆಳವಾಗಿ ಮೂಡಿದ್ದವು. ಮನೆಯಲ್ಲಿ ಪಿಟೀಲು ಮುಟ್ಟದ ಮಗುವಿನ ಬೆರಳಲ್ಲಿ ಆ ಗೆರೆಗಳು ಇರುವುದಿಲ್ಲ. ಯಾವ ಪಿಟೀಲು ಶಿಕ್ಷಕಿಗೂ ಗೊತ್ತಿರುವ ಸಂಗತಿ ಇದು. ಪ್ರತಿ ಪಾಠದಲ್ಲೂ ನನ್ನ ಕಣ್ಣ ಮುಂದೆಯೇ ಇತ್ತು.

ಪುಷ್ಯ ಬಹುಳ ಅಮಾವಾಸ್ಯೆಯ ಪುರಂದರದಾಸರ ಆರಾಧನೆಗೆ ನಮ್ಮ ಬಡಾವಣೆಯಲ್ಲಿ ಒಂದು ಸಣ್ಣ ಕಾರ್ಯಕ್ರಮ. ಮಕ್ಕಳೆಲ್ಲ ಗೋಷ್ಠಿಯಲ್ಲಿ ಮಲಹರಿಯ ಗೀತೆಗಳನ್ನು ನುಡಿಸುವುದು ರೂಢಿ. ಆ ವರ್ಷ ಅವನೊಬ್ಬನೇ ಒಂದು ಗೀತೆ ನುಡಿಸಲಿ ಎಂದು ನಿರ್ಧರಿಸಿದೆ. ‘ಗುಂಪಲ್ಲೇ ಕೂರ್ತೀನಿ ಮಿಸ್’ ಎಂದ. ‘ಎಷ್ಟು ದಿನ ಗುಂಪಲ್ಲಿ ಬಚ್ಚಿಟ್ಟುಕೊಳ್ತೀಯ?’ ಎಂದೆ. ವೇದಿಕೆಯ ಮೇಲೆ ಮೊದಲ ಸ್ವರಕ್ಕೇ ಕಮಾನು ತಂತಿಯ ಮೇಲೆ ಕುಣಿಯಿತು. ನೀಳವಾಗಿ ಎಳೆಯಬೇಕಾದ ಕಡೆ ತುಂಡು ತುಂಡಾಗಿ ಸದ್ದು ಬಂತು. ನಡುವೆ ನಿಂತ, ಮತ್ತೆ ಮೊದಲಿನಿಂದ ಶುರುಮಾಡಿದ, ಮತ್ತೆ ನಿಂತ. ಕೆಳಗಿಳಿದು ಬಂದವನಿಗೆ, ಉಳಿದ ಮಕ್ಕಳೂ ಅವರ ತಾಯಂದಿರೂ ಕೇಳುವಂತೆ, ‘ಮನೇಲಿ ಅಭ್ಯಾಸ ಮಾಡದಿದ್ರೆ ಹೀಗೇ ಆಗೋದು’ ಎಂದೆ. ಅವನು ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಕಮಾನನ್ನು ಸಡಿಲಿಸಿ, ನಾನು ಕಲಿಸಿದ ಹಾಗೆಯೇ ಬಟ್ಟೆಯಿಂದ ತಂತಿ ಒರೆಸಿ, ಮುಚ್ಚಳ ಹಾಕಿದ. ಆಮೇಲೆ ಪಾಠಕ್ಕೆ ಬರಲಿಲ್ಲ.

ಕೆಲವು ವಾರಗಳ ನಂತರ ಅಜ್ಜಿ ಒಬ್ಬರೇ ಮನೆಗೆ ಬಂದರು. ‘ನಾನು ದೂರು ಹೇಳೋಕೆ ಬಂದಿಲ್ಲಮ್ಮ. ಅಭ್ಯಾಸ ಮಾಡಲ್ಲ ಅಂದ್ರಲ್ಲ, ಅದೊಂದು ಮಾತು ಅವನಿಗೆ ಬಹಳ ನೋವಾಗಿದೆ. ಪಾಠದ ದಿನ ಮಧ್ಯಾಹ್ನದ ಊಟಾನೇ ಸೇರ್ತಿರಲಿಲ್ಲ ಮಗೂಗೆ. ಇದನ್ನ ಒಂದ್ಸಲ ಕೇಳಿ’ ಎಂದು ಮೊಬೈಲ್ ಕೊಟ್ಟರು. ಅಡುಗೆಮನೆಯ ಸದ್ದಿನ ನಡುವೆ ಮಾಡಿಕೊಂಡ ರೆಕಾರ್ಡಿಂಗ್. ಅದೇ ಗೀತೆ. ಕಮಾನು ಉದ್ದಕ್ಕೂ ಸಮನಾಗಿ ಹರಿಯುತ್ತಿತ್ತು, ರಿಷಭ ತನ್ನ ಜಾಗದಲ್ಲಿತ್ತು. ಅಜ್ಜಿ ಜೊತೆಗೆ ಗುನುಗುತ್ತಿದ್ದರು, ನಡುವೆ ಕುಕ್ಕರ್ ಕೂಗಿದರೂ ಅವನು ತಾಳ ಬಿಡಲಿಲ್ಲ. ಅಪಸ್ವರಗಳು ಹುಟ್ಟುತ್ತಿದ್ದದ್ದು ನನ್ನ ಹಜಾರದಲ್ಲಿ, ನನ್ನ ಎದುರಿನಲ್ಲಿ. ಅದಕ್ಕೆ ಬೇರೆ ವಿವರಣೆ ನನಗೆ ಸಿಗಲಿಲ್ಲ.

ಹೆದರಿಕೆ ಮೈಯಲ್ಲಿ ಏನು ಮಾಡುತ್ತದೆ ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಭಯವಾದಾಗ ಅಡ್ರಿನಲಿನ್ ಸುರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬೆರಳ ತುದಿಯ ರಕ್ತ ಹಿಂಜರಿದು ಕೈ ತಣ್ಣಗಾಗುತ್ತದೆ. ತೋಳನ್ನು ಮಡಚುವ ಸ್ನಾಯು, ಚಾಚುವ ಸ್ನಾಯು ಎರಡೂ ಏಕಕಾಲಕ್ಕೆ ಬಿಗಿಯುತ್ತವೆ. ಹಾಗೆ ಬಿಗಿದ ತೋಳು ಉದ್ದನೆಯ ಕಮಾನನ್ನು ನಿಧಾನವಾಗಿ ಎಳೆಯಲಾರದು. ವಿಳಂಬದಲ್ಲಿ ಎಳೆಯುವ ಒಂದನೇ ಕಾಲವೇ ಆಗ ಎಲ್ಲಕ್ಕಿಂತ ಕಷ್ಟ. ಮಗುವಿನ ಮನಸ್ಸು ನೋಡಿಕೊಳ್ಳುವುದು ತಾಯ್ತಂದೆಯರ ಕೆಲಸ, ನನ್ನದು ಸಂಗೀತ ಮಾತ್ರ ಎಂದು ನಾನು ಗೆರೆ ಎಳೆದುಕೊಂಡಿದ್ದೆ. ಪಿಟೀಲಿನಲ್ಲಿ ಆ ಗೆರೆ ನಿಲ್ಲುವುದಿಲ್ಲ. ಮನಸ್ಸಿನ ಸ್ಥಿತಿ ನೇರವಾಗಿ ತಂತಿಗೇ ಇಳಿಯುತ್ತದೆ.

ನನ್ನ ಗುರುಗಳೂ ಕಠಿಣರಾಗಿದ್ದರು. ಅವರ ಬೈಗುಳದಿಂದಲೇ ನಾನು ಕಲಿತೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಈ ಊರಿನಲ್ಲಿ ಪಿಟೀಲು ಎಂದರೆ ಟಿ. ಚೌಡಯ್ಯನವರ ಹೆಸರು ಬರುತ್ತದೆ, ಜೊತೆಗೆ ಬಿಡಾರಂ ಕೃಷ್ಣಪ್ಪನವರ ಬಳಿ ಅವರು ಪಡೆದ ಕಟ್ಟುನಿಟ್ಟಿನ ಗುರುಕುಲ ಶಿಕ್ಷಣದ ಮಾತೂ ಬರುತ್ತದೆ. ಶಿಸ್ತಿಲ್ಲದೆ ವಿದ್ಯೆಯಿಲ್ಲ ಎಂಬುದಕ್ಕೆ ನಾವೆಲ್ಲ ಕೊಡುವ ಸಾಕ್ಷಿ ಅದು. ಆದರೆ ಸಾಕ್ಷಿ ಹೇಳಲು ಉಳಿದವರು ದಾಟಿ ಬಂದವರಷ್ಟೇ. ಅದೇ ಬಗೆಯ ಪಾಠಕ್ಕೆ ಅಂಜಿ ವಾದ್ಯ ಕೆಳಗಿಟ್ಟು ಹೋದವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ನನ್ನ ಜೊತೆಯೇ ಕಲಿಯುತ್ತಿದ್ದು ನಡುವೆ ಬಿಟ್ಟುಹೋದ ಹುಡುಗಿಯರನ್ನು ಆಗ ಮೊದಲ ಬಾರಿಗೆ ನೆನೆಸಿಕೊಂಡೆ. ಅವರಲ್ಲಿ ಒಬ್ಬಳ ನಾದ ನನ್ನದಕ್ಕಿಂತ ಸಿಹಿಯಾಗಿತ್ತು. ಬೈಗುಳ ಇಲ್ಲದಿದ್ದರೂ ನಾನು ಕಲಿಯುತ್ತಿದ್ದೆನೇನೋ. ಅವಳಂತೂ ಖಂಡಿತ ಉಳಿಯುತ್ತಿದ್ದಳು.

ಹುಡುಗನ ಮನೆಗೆ ಹೋದೆ. ‘ನೀನು ಅಭ್ಯಾಸ ಮಾಡ್ತಿದ್ದೆ. ನಾನು ಹೇಳಿದ್ದು ಸುಳ್ಳು. ಎಲ್ಲರ ಮುಂದೆ ಹೇಳಿದ್ದು ಇನ್ನೂ ದೊಡ್ಡ ತಪ್ಪು’ ಎಂದೆ. ‘ಪರವಾಗಿಲ್ಲ ಮಿಸ್’ ಎಂದ. ಪಾಠಕ್ಕೆ ಬಾ ಎಂದು ಕರೆಯಲಿಲ್ಲ. ಕರೆದರೆ ‘ಇಲ್ಲ’ ಎನ್ನುವ ಭಾರವೂ ಅವನ ಮೇಲೇ ಬೀಳುತ್ತಿತ್ತು. ಅವನು ಪಿಟೀಲಿಗೆ ಮರಳಲಿಲ್ಲ. ಅಜ್ಜಿ ಹಾಡಿದರೆ ಜೊತೆಗೆ ಹಾಡುತ್ತಾನೆ ಎಂದು ಕೇಳಿದ್ದೇನೆ.

ಜಪಾನಿನ ಶಿನಿಚಿ ಸುಜುಕಿ (1898–1998) ಅವರ ಬೋಧನಾ ಪದ್ಧತಿಯ ಹೆಸರು ಕೇಳಿದ್ದೆ, ಪಾಶ್ಚಾತ್ಯ ಸಂಗೀತದವರದ್ದು ಎಂದು ಬದಿಗಿಟ್ಟಿದ್ದೆ. ಮಗು ತಾಯಿನುಡಿ ಕಲಿಯುವ ಹಾಗೆ ಸಂಗೀತ ಕಲಿಯಬೇಕು ಎಂಬುದು ಅವರ ಮೂಲ ವಿಚಾರ. ತೊದಲುವ ಮಗುವಿಗೆ ಯಾವ ತಾಯಿಯೂ ಕೆಂಪು ಗುರುತು ಹಾಕುವುದಿಲ್ಲ. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಪದ್ಧತಿಯ ಇನ್ನೊಂದು ಅಂಶ: ಕಲಿತ ಹಳೆಯ ಪಾಠಗಳನ್ನು ಬಿಡದೆ ನುಡಿಸುತ್ತಲೇ ಇರಬೇಕು. ನನ್ನ ಪಾಠದಲ್ಲಿ ಸರಳೆ ಮುಗಿದರೆ ಜಂಟಿ, ಜಂಟಿ ಮುಗಿದರೆ ದಾಟು, ಮುಗಿದದ್ದರ ಕಡೆಗೆ ತಿರುಗಿ ನೋಡುತ್ತಿರಲಿಲ್ಲ. ಅಂದರೆ ಆ ಹುಡುಗ ನನ್ನೆದುರು ನುಡಿಸಿದ್ದೆಲ್ಲವೂ ಅವನಿಗೆ ಇನ್ನೂ ಬಾರದಿದ್ದದ್ದೇ. ಬಂದದ್ದನ್ನು ನುಡಿಸುವ ಸುಖ ಒಂದು ದಿನವೂ ಸಿಕ್ಕಿರಲಿಲ್ಲ.

ಈಗ ಪಾಠ ಶುರುವಾಗುವುದು ಮಗುವಿಗೆ ಇಷ್ಟವಾದ, ಚೆನ್ನಾಗಿ ಬರುವ ಒಂದು ಹಳೆಯ ಗೀತೆಯಿಂದ. ನಾನೂ ಪಿಟೀಲು ಹಿಡಿದು ಜೊತೆಗೆ ನುಡಿಸುತ್ತೇನೆ, ತಿದ್ದುವುದಿಲ್ಲ. ಆಮೇಲೆ ಒಂದು ಪಾಠಕ್ಕೆ ಒಂದೇ ತಿದ್ದುಪಡಿ, ಅದೂ ಏನು ಮಾಡಬೇಕೆಂದು ಹೇಳುವ ಮಾತಿನಲ್ಲಿ: ‘ಮೊಣಕೈ ಸಡಿಲ ಬಿಡು’, ‘ನಡುಬೆರಳನ್ನು ಇಷ್ಟು ಮುಂದಿಡು.’ ಕಮಾನು ನಡುಗಿದರೆ ವಾದ್ಯ ಕೆಳಗಿಡಿಸಿ ಹಾಡಿಸುತ್ತೇನೆ. ಹಾಡುವಾಗ ಉಸಿರು ತಾನಾಗಿ ಉದ್ದವಾಗುತ್ತದೆ, ಭುಜ ಇಳಿಯುತ್ತದೆ. ಬೆರಳ ತುದಿಯನ್ನು ನೋಡುತ್ತೇನೆ, ಕೈ ತಣ್ಣಗಿದೆಯೇ ಎಂದೂ ನೋಡುತ್ತೇನೆ. ಗುಂಪಿನಲ್ಲಿ ಕೂರುತ್ತೇನೆ ಎಂದವರನ್ನು ಗುಂಪಿನಲ್ಲೇ ಕೂರಿಸುತ್ತೇನೆ. ಹೀಗೆ ಮಾಡಿದ್ದರಿಂದ ಪಾಠ ನಿಧಾನವಾಗಿದೆ, ನಿಜ. ಅಲಂಕಾರಗಳು ಮೂರು ಕಾಲದಲ್ಲಿ ಕೂರಲು ಮೊದಲಿಗಿಂತ ಹೆಚ್ಚು ತಿಂಗಳು ಬೇಕು.

ಅದನ್ನು ಎಲ್ಲ ಪೋಷಕರೂ ಒಪ್ಪುವುದಿಲ್ಲ. ಸದ್ಯ ನನ್ನ ಬಳಿ ಕಲಿಯುತ್ತಿರುವ ಒಬ್ಬ ಹುಡುಗಿಯ ತಾಯಿ, ಈ ವರ್ಷವೇ ಜೂನಿಯರ್ ಕಟ್ಟಿಸಿ ಎನ್ನುತ್ತಿದ್ದಾರೆ. ಪಾಠಗಳೆಲ್ಲ ಆಗಿವೆಯಲ್ಲ, ಇನ್ನೇಕೆ ತಡ ಎಂದು ಅವರ ಪ್ರಶ್ನೆ. ಪರೀಕ್ಷೆ ಎಂದ ಕೂಡಲೇ ಅವಳು ಪೆಟ್ಟಿಗೆಯ ಬೀಗವನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುವುದನ್ನು ನಾನು ನೋಡಿದ್ದೇನೆ. ಮುಂದಿನ ವರ್ಷ ನೋಡೋಣ ಎಂದಿದ್ದೇನೆ. ಹಾಗಾದರೆ ಬೇರೆ ಟೀಚರ್ ಹತ್ತಿರ ಸೇರಿಸುತ್ತೇವೆ ಎಂದಿದ್ದಾರೆ. ಶನಿವಾರ ಮತ್ತೆ ಮಾತಾಡಲು ಬರುತ್ತಾರೆ. ಈ ಸಲ ಹುಡುಗಿಯನ್ನೂ ಕೂರಿಸಿಕೊಂಡೇ ಮಾತಾಡೋಣ, ಮೊದಲು ಅವಳು ಹೇಳಲಿ ಎಂದು ಕೇಳಿಕೊಂಡಿದ್ದೇನೆ. ಅದಕ್ಕೆ ತಾಯಿ ಒಪ್ಪಿದ್ದಾರೆ.