ಕಾನ್ವೆಂಟು ಅಂದ್ರೆ ಮಠ ಕಣ್ರೀ!

ನಮ್ಮ ದಾವಣಗೆರೆಯಲ್ಲಿ "ಮಗಳು ಎಲ್ಲಿ ಓದ್ತಿದಾಳೆ?" ಅಂತ ಯಾರನ್ನಾದ್ರೂ ಕೇಳಿ ನೋಡಿ. "ಕಾನ್ವೆಂಟಿಗೆ ಹಾಕೀವಿ" ಅಂತಾರೆ. ಬೆಳಿಗ್ಗೆ ನಿಜಲಿಂಗಪ್ಪ ಬಡಾವಣೆಯಲ್ಲಿ ಟೈ ಕಟ್ಟಿದ ಮಕ್ಕಳನ್ನ ತುಂಬ್ಕೊಂಡು ವ್ಯಾನುಗಳು ಓಡ್ತಾನೇ ಇರ್ತವೆ. ಆ ಶಾಲೆಗಳಲ್ಲಿ ಎಷ್ಟರಲ್ಲಿ ಒಬ್ಬ ಸಿಸ್ಟರ್ ಆದ್ರೂ ಇದಾರೆ? ಇಂಗ್ಲಿಷ್ ಮೀಡಿಯಂ ಆದ್ರೆ ಸಾಕು, ನಮ್ಮ ಬಾಯಲ್ಲಿ ಅದು ಕಾನ್ವೆಂಟು!

ಆ ಪದದ ನಿಜವಾದ ಅರ್ಥ ಸನ್ಯಾಸಿನಿಯರು ಇರೋ ಮನೆ. ಅಂದ್ರೆ ಮಠ. ಸಿರಿಗೆರೆ ಮಠದ ಶಾಲೆಗಳನ್ನ ನೋಡಿ ಬೆಳೆದ ನಮಗೆ ಇದೇನೂ ಹೊಸದಲ್ಲ. ವ್ಯತ್ಯಾಸ ಇಷ್ಟೇ, ಅಲ್ಲಿ ಸ್ವಾಮಿಗಳಿಲ್ಲ, ನಡೆಸೋರೆಲ್ಲ ಹೆಂಗಸರು.

ಫ್ರಾನ್ಸಿನಲ್ಲಿ ಹುಟ್ಟಿದ ಗುಡ್ ಶೆಫರ್ಡ್ ಸಂಸ್ಥೆಯ ಸಿಸ್ಟರ್‌ಗಳು ಬೆಂಗಳೂರಿಗೆ ಬಂದದ್ದು 1854ರಲ್ಲಿ. ಆಗಿನ್ನೂ ಬೆಂಗಳೂರಿಗೆ ರೈಲೇ ಬಂದಿರಲಿಲ್ಲ. ಮ್ಯೂಸಿಯಂ ರಸ್ತೆಯ ಸೇಕ್ರೆಡ್ ಹಾರ್ಟ್ ಹೆಣ್ಣುಮಕ್ಕಳ ಶಾಲೆ ಅವರದೇ. 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ಕಟ್ಟಿದವರೂ ಅವರೇ. ಮಂಗಳೂರಲ್ಲಿ 1870ರಲ್ಲಿ ಅಪೋಸ್ಟೋಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಕೆಲಸ ಶುರು ಮಾಡಿದ್ರು, 1921ರ ಹೊತ್ತಿಗೆ ಸೇಂಟ್ ಆಗ್ನೆಸ್ ಕಾಲೇಜೂ ಆಯ್ತು. ಮೈಸೂರಲ್ಲಿ ಮಹಾರಾಣಿ ಶಾಲೆ ಶುರುವಾದದ್ದು 1881ರಲ್ಲಿ. ದಂಡು ಪ್ರದೇಶದ ಇಂಥ ಶಾಲೆಗಳು ಮೊದಮೊದಲು ನಮ್ಮಂಥವರ ಮಕ್ಕಳಿಗೆ ಅಂತ ಇದ್ದವಲ್ಲ, ಅದೂ ನಿಜ. ಬಾಗಿಲು ತೆರೆದದ್ದು ನಿಧಾನಕ್ಕೆ.

ಆ ಬಾಗಿಲಲ್ಲಿ ಒಳಗೆ ಹೋದವರಲ್ಲಿ ನಮ್ಮ ದೊಡ್ಡಮ್ಮನೂ ಒಬ್ಬರು. ತಾತನಿಗೆ ರೈಲ್ವೆ ಕೆಲಸ, ಬೆಂಗಳೂರಿಗೆ ವರ್ಗ ಆಗಿತ್ತು. ಏಳನೇ ಕ್ಲಾಸಿಗೆ ಓದು ಬಿಡಿಸೋಣ ಅಂತಿದ್ದ ತಾತ, ಕೊನೆಗೆ ಸಿಸ್ಟರ್‌ಗಳು ನಡೆಸೋ ಹೈಸ್ಕೂಲಿಗೆ (ಹೆಸರು ಬೇಡ ಬಿಡಿ) ಹಾಕಿದ್ರಂತೆ. ಯಾಕೆ ಗೊತ್ತಾ? ಇಂಗ್ಲಿಷಿನ ಆಸೆಗಲ್ಲ. ಎತ್ತರದ ಕಾಂಪೌಂಡು, ಒಳಗೆ ಗಂಡಸರ ಸುಳಿವಿಲ್ಲ ಅನ್ನೋ ಧೈರ್ಯಕ್ಕೆ!

ಆ ಕಾಂಪೌಂಡಿನೊಳಗೆ ದೊಡ್ಡಮ್ಮ ಕಂಡದ್ದೇ ಬೇರೆ. ಹೆಡ್‌ಮಿಸ್ ಹೆಂಗಸು, ಲೆಕ್ಕ ಬರೆಯೋರು ಹೆಂಗಸು, ಕಟ್ಟಡದ ಮೇಸ್ತ್ರಿಯನ್ನ ನಿಲ್ಲಿಸ್ಕೊಂಡು ಪ್ರಶ್ನೆ ಕೇಳೋರೂ ಹೆಂಗಸು. "ನಮ್ಮನ್ಯಾಗೆ ಅಮ್ಮ ಸಂತೆಗೆ ಹೋಗಾಕೂ ಅಪ್ಪನ್ನ ಕೇಳ್ತಿದ್ಲು" ಅಂತಾರೆ ಈಗಲೂ. ಎಸ್ಸೆಸ್ಸೆಲ್ಸಿ ಮುಗೀತಿದ್ದ ಹಾಗೇ ತಾತ ಗಂಡು ನೋಡಿದಾಗ, ಆ ಹೆಡ್‌ಮಿಸ್ ಮನೆಗೇ ಬಂದು ಕೂತು "ಇವಳು ಓದ್ಲಿ" ಅಂದ್ರಂತೆ. ದೊಡ್ಡಮ್ಮ ಬಿಎಸ್ಸಿ ಮಾಡಿ, ಟೀಚರಾಗಿ, ಸ್ವಂತ ಪಿಂಚಣಿಯಲ್ಲಿ ಬದುಕ್ತಿದಾರೆ.

ಅದೇ ಶಾಲೆಯಲ್ಲಿ ಕನ್ನಡ ಮಾತಾಡಿದ್ದಕ್ಕೆ ಹತ್ತು ಪೈಸೆ ದಂಡವನ್ನೂ ಕಟ್ಟಿದಾರೆ. ಅದನ್ನ ಮಾತ್ರ ಇವತ್ತಿಗೂ ಮರೆತಿಲ್ಲ. ಉಪಕಾರ ಆಯ್ತು ಅಂತ ಅವಮಾನ ಅಳಿಸಿ ಹೋಗಲ್ಲ ಅಲ್ವಾ?

ನನಗನ್ನಿಸೋದು ಇಷ್ಟು. ಕಾನ್ವೆಂಟಿಂದ ನಾವು ಟೈ, ಇಂಗ್ಲಿಷು, ಆ ದಂಡ, ಎಲ್ಲವನ್ನೂ ಜೋಪಾನವಾಗಿ ತಗೊಂಡ್ವಿ. ಹುಡುಗಿಯ ಪರವಾಗಿ ಅಪ್ಪನ ಮನೆಗೆ ಬಂದು ಕೂರೋ ಹೆಡ್‌ಮಿಸ್‌ನ ಮಾತ್ರ ಅಲ್ಲೇ ಬಿಟ್ಟು ಬಂದ್ವಿ.

ಈಗ ಬೆಂಗಳೂರಲ್ಲಿರೋ ಅಣ್ಣನ ಮಗಳಿಗೆ ಅಂಥದೇ ಒಂದು ಶಾಲೆಯಲ್ಲಿ ಎಂಟನೇ ಕ್ಲಾಸಿಗೆ ಸೀಟು ಸಿಕ್ಕಿದೆ. ಬರೀ ಹುಡುಗಿಯರ ಜೊತೆ ಬೆಳೆದ್ರೆ ಮುಂದೆ ಹೆಂಗೋ ಅಂತ ಅತ್ತಿಗೆಗೆ ಚಿಂತೆ. ದೊಡ್ಡಮ್ಮ ಫೋನಲ್ಲಿ ಹೇಳಿದ್ದು: "ಹುಡುಗ್ರು ಅದಾರೋ ಇಲ್ಲೋ ಬಿಡು. ಹುಡುಗಿ ಏನಾರ ಹೇಳಿದ್ರೆ ಹೆಡ್‌ಮಿಸ್ ನಿಂತು ಕೇಳ್ತಾಳಾ ನೋಡ್ಕೆಂಡ್ ಬಾ. ಹಂಗೇ ಕನ್ನಡ ಮಾತಾಡಿದ್ರೆ ದಂಡ ಐತಾ ಅಂತಾನೂ ಕೇಳ್ಕೆಂಡ್ ಬಾ."

ಅಣ್ಣ ಸೋಮವಾರ ಹೋಗ್ತಿದಾನೆ. ಎರಡನ್ನೂ ಕೇಳ್ತಾನಂತೆ...